ಪೇಪರ್ ಪಂಚಾಕ್ಷರಪ್ಪ ತಂದ ಸುದ್ದಿ

ಏಪ್ರಿಲ್ 17, 2023, ಸೋಮವಾರ

ಹಿರಿಯೂರು ಬಸ್ ಸ್ಟ್ಯಾಂಡಿನ ಎದುರು ಪೇಪರ್ ಏಜೆನ್ಸಿ ಇಟ್ಟುಕೊಂಡೇ ನನ್ನ ತಲೆ ಬೆಳ್ಳಗಾಯಿತು. ಇಷ್ಟು ವರ್ಷದಲ್ಲಿ ವಿದೇಶದ ಸುದ್ದಿಯ ಪುಟವನ್ನು ನಾನು ಓದಿದವನಲ್ಲ. ಬೆಳಗಿನ ಜಾವ ವ್ಯಾನಿನಿಂದ ಕಟ್ಟು ಇಳಿಸಿಕೊಂಡು, ಪುರವಣಿ ಸೇರಿಸಿ, ಮನೆಮನೆಗೆ ಹಾಕುವವರಿಗೆ ಹಂಚಿ ಮುಗಿಸುವಷ್ಟರಲ್ಲಿ ಸಾಕುಸಾಕಾಗಿರುತ್ತದೆ. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುತ್ತಾ ಕೂರುತ್ತಾನೆಯೇ?

ಇವತ್ತು ಓದಿದೆ. ಅಳಿಯ ಹಾಲೇಶ್ ಸುಡಾನಿನಲ್ಲಿದ್ದಾನೆ. ಬೋರ್‌ವೆಲ್ ಲಾರಿಯ ಮೆಕ್ಯಾನಿಕ್. ನಮ್ಮ ಸೀಮೆಯ ಕಲ್ಲುನೆಲದಲ್ಲಿ ಕೊರೆದು ಕೊರೆದು ಕೆಲಸ ಕಲಿತವರಿಗೆ ಆಫ್ರಿಕದಲ್ಲಿ ಒಳ್ಳೆಯ ಬೇಡಿಕೆಯಂತೆ. ಹೋದ ವರ್ಷ ಯುಗಾದಿ ಮುಗಿಸಿ ವಿಮಾನ ಹತ್ತಿದ. ಶನಿವಾರ ಅಲ್ಲಿ ಸೈನ್ಯದವರೂ ಇನ್ನೊಂದು ಬಂದೂಕಿನ ಪಡೆಯವರೂ ಹೊಡೆದಾಟಕ್ಕೆ ಬಿದ್ದಿದ್ದಾರೆ. ಹೊಗೆಯ ಫೋಟೊ ಸಮೇತ ಮುಖಪುಟದಲ್ಲೇ ಬಂದಿದೆ.

ಮಧ್ಯಾಹ್ನ ಅವನದೇ ಫೋನು. "ಮಾವ, ಗುಂಡಿನ ಸದ್ದು ಕೇಳ್ತೈತೆ. ಆದ್ರೆ ನಾವಿರಾದು ಊರಾಚೆ. ಪಲ್ಲವಿಗೆ ಹೆದರಬ್ಯಾಡ ಅನ್ರಿ. ಪೇಪರ್ನಾಗೆ ಏನ್ ಬಂದೈತೆ ಓದ್ರಿ." ಓದಿ ಹೇಳಿದೆ. ಯುದ್ಧದ ಬಾಯಲ್ಲಿ ಕುಳಿತವನಿಗೆ ಹಿರಿಯೂರಿನಿಂದ ಯುದ್ಧದ ಸುದ್ದಿ! ನಗು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಪತ್ರಿಕೆಯವರು ಟಿವಿಯವರ ಹಾಗೆ ಅರಚುವುದಿಲ್ಲ. ವಿಚಾರಿಸಿ ಅಚ್ಚು ಹಾಕುತ್ತಾರೆ.

ಅವನು ಏನಿದ್ದರೂ ಮೊದಲು ನನಗೇ ಫೋನ್ ಮಾಡುವುದು. ಮದುವೆಗೆ ಮುಂಚೆ ಪಲ್ಲವಿಯನ್ನು ನೋಡುವ ಆಸೆಗೆ ರಾಮಗಿರಿಯಿಂದ ಬಂದು, ಎದುರಿನ ಬೇಕರಿಯಲ್ಲಿ ಕುಳಿತು ನನ್ನ ಅಂಗಡಿಯ ಬೋರ್ಡನ್ನೇ ದಿಟ್ಟಿಸುತ್ತಿದ್ದ ಕಳ್ಳ ಅವನು. "ನಂಗೆ ಬಾಯಿಪಾಠ ಇರಾದು ನಿಮ್ಮ ಬೋರ್ಡಿನ ಫೋನ್ ನಂಬರೊಂದೇ ಮಾವ" ಎಂದು ಈಗಲೂ ಕಿಚಾಯಿಸುತ್ತಾನೆ.

ಪಲ್ಲವಿ ಹೊಳಲ್ಕೆರೆಯ ಶಾಲೆಯಲ್ಲಿ ಟೀಚರು. ಬೇಸಿಗೆ ರಜೆಗೆ ನಮ್ಮಲ್ಲಿಗೆ ಬಂದಿದ್ದಾಳೆ. ಬಂದದ್ದು ಒಳ್ಳೆಯದೇ ಆಯಿತು.

ಏಪ್ರಿಲ್ 21, ಶುಕ್ರವಾರ

ಮಂಗಳವಾರದಿಂದ ಹಾಲೇಶನ ಫೋನು ಹತ್ತುತ್ತಿಲ್ಲ.

ಮನೆಯಲ್ಲಿ ಟಿವಿ ಆರಿಸುವವರೇ ಇಲ್ಲ. ಒಂದು ಚಾನೆಲ್ಲಿನಲ್ಲಿ ವಿಮಾನ ಉರಿಯುತ್ತದೆ; ಇನ್ನೊಂದರಲ್ಲಿ ಅದೇ ವಿಮಾನ ಬೇರೆ ಊರಿನಲ್ಲಿ ಉರಿಯುತ್ತದೆ. ನಿರೂಪಕ ನೆಲದ ಮೇಲೆ ಬಿಡಿಸಿದ ನಕ್ಷೆಯ ಮೇಲೆ ಬೂಟುಗಾಲಲ್ಲಿ ಓಡಾಡುತ್ತಾನೆ. ಹಾಲೇಶ್ ಇರುವ ಜಾಗವನ್ನು ಎರಡು ಸಲ ತುಳಿದ. ನನ್ನ ಹೆಂಡತಿ ಸರ್ವಮಂಗಳ "ಅವ್ನಿಗೆ ಕಾಲು ತೆಗಿ ಅನ್ನಿ" ಎಂದು ಟಿವಿಗೇ ಬೈದಳು.

ಬೋರ್‌ವೆಲ್ ಕಂಪನಿಯ ಮಾಲೀಕನಿಗೆ ಫೋನ್ ಮಾಡಿದರೆ "ಎಲ್ಲರೂ ಸೇಫ್" ಎಂದ. ಎಲ್ಲರೂ ಎಂದರೆ ಯಾರ್ಯಾರು ಎಂದು ಕೇಳಿದೆ. "ಎಲ್ಲರೂ ಅಂದ್ರೆ ಎಲ್ಲರೂ ಸಾರ್." ಇಂಥ ಉತ್ತರ ಕೊಡುವವನ ಹತ್ತಿರ ಸತ್ಯ ಇರುವುದಿಲ್ಲ.

ಏಪ್ರಿಲ್ 26, ಬುಧವಾರ

ನಮ್ಮವರನ್ನು ಕರೆತರುವ ಕಾರ್ಯಾಚರಣೆ ಶುರುವಾಗಿದೆ. ಅದಕ್ಕೆ ಕಾವೇರಿಯ ಹೆಸರಿಟ್ಟಿದ್ದಾರೆ. ಇಟ್ಟ ತಕ್ಷಣ ಟಿವಿಯವರಿಗೆ ಉತ್ಸಾಹ ಬಂತು.

ಚೇತನ್‌ಕುಮಾರ್ ಎಂಬ ಯೂಟ್ಯೂಬಿನವನು ಹೊಸದುರ್ಗದಿಂದ ಮೈಕು ಹಿಡಿದುಕೊಂಡು ಬಂದ. ಪಲ್ಲವಿ ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದಳು. ಅವನಿಗೆ ತೃಪ್ತಿಯಾಗಲಿಲ್ಲ. "ಅಕ್ಕಾ, ಇನ್ನೊಂದ್ಸಲ ಹೇಳ್ರಿ, ಸ್ವಲ್ಪ ಫೀಲಿಂಗ್ ಇರ್ಲಿ" ಎಂದ. ನಾನು ಅವನ ಮೈಕಿನ ವಯರು ಸುತ್ತಿ ಕೈಗೆ ಕೊಟ್ಟೆ. "ಏನಪ್ಪ, ಫೀಲಿಂಗು ಬಸ್ ಸ್ಟ್ಯಾಂಡಿನ ಹತ್ರ ಸಿಗ್ತೈತೆ, ಹೋಗು" ಎಂದೆ.

ಅವನು ಹೋದ ಮೇಲೆ ಪಲ್ಲವಿ ನನಗೇ ಬೈದಳು. ಯಾರಾದರೂ ಒಬ್ಬರು ನೋಡಿದ್ದರೂ ಸಾಕಿತ್ತಲ್ಲ ಎಂದಳು.

ಏಪ್ರಿಲ್ 30, ಭಾನುವಾರ

ಹಾಲೇಶನ ಜೊತೆಯ ಕೆಲಸಗಾರ ತಿಪ್ಪೇಶ್ ಹಡಗು, ವಿಮಾನ ಎಲ್ಲ ಹತ್ತಿಳಿದು ಮನೆ ಸೇರಿದ್ದಾನೆ. ಹೊಸದುರ್ಗದ ಹತ್ತಿರ ಅವನ ಹಳ್ಳಿ. ನಾನೂ ಪಲ್ಲವಿಯೂ ಹೋದೆವು. ಹಾರ ಹಾಕಿಸಿಕೊಂಡು ಕುಳಿತಿದ್ದವನು ನಮ್ಮನ್ನು ಕಂಡು ಹಾರ ತೆಗೆದಿಟ್ಟ.

ಅವನು ಹೇಳಿದ್ದು ಇಷ್ಟು. ಬಂದರಿಗೆ ಹೋಗುವ ಬಸ್ಸು ಬಂತು. ಆದರೆ ಇವರ ಲಾರಿಯ ಡ್ರೈವರಿಗೆ, ಆ ಊರಿನವನಿಗೆ, ಜ್ವರ ಏರಿ ಸ್ಟೇರಿಂಗ್ ಹಿಡಿಯುವ ಶಕ್ತಿಯೇ ಇರಲಿಲ್ಲ. "ನಮ್ಗೆ ಒಂದ್ ವರ್ಷ ಅನ್ನ ಹಾಕವ್ನೆ, ಇವನ್ನ ಹಿಂಗೆ ಬಿಟ್ಟು ಬರಾಕಾಗಲ್ಲ, ಮನೆ ಮುಟ್ಟಿಸಿ ಬತ್ತೀನಿ ಅಂದ ಹಾಲೇಶಣ್ಣ. ಲಾರಿ ಬಿಟ್ಕಂಡು ಹೋದ. ಪಾಸ್‌ಪೋರ್ಟು ಕಂಪನಿ ಬೀರುನಾಗೇ ಉಳೀತು."

"ಯಾವ ಕಡೆ ಹೋದ?"

"ಮೂಡಗಡೆ."

"ಯಾವ ಊರು?"

"ಗೊತ್ತಿಲ್ಲ ಯಜಮಾನ್ರೆ."

"ಆಮೇಲೆ ಏನಾಯ್ತು?"

"ಅದೂ ಗೊತ್ತಿಲ್ರಿ."

ಒಂದು ವರ್ಷ ಒಂದೇ ಶೆಡ್ಡಿನಲ್ಲಿ ಮಲಗಿದವನಿಗೆ ಏನೂ ಗೊತ್ತಿಲ್ಲವಂತೆ. ಬರುವಾಗ ಬಸ್ಸಿನಲ್ಲಿ ಪಲ್ಲವಿಗೆ ಹೇಳಿದೆ, ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು. ಪಲ್ಲವಿ ಕಿಟಕಿಯ ಕಡೆ ನೋಡುತ್ತಲೇ, "ಗೊತ್ತಿಲ್ಲ ಅಂತ ಹೇಳಾಕೂ ಧೈರ್ಯ ಬೇಕು ಅಪ್ಪಾಜಿ" ಎಂದಳು. ಮಕ್ಕಳಿಗೆ ಲೋಕ ತಿಳಿಯುವುದಿಲ್ಲ.

ಮೇ 6, ಶನಿವಾರ

ಕಾರ್ಯಾಚರಣೆ ಮುಗಿಯಿತು ಎಂದು ಪತ್ರಿಕೆಯಲ್ಲಿ ಬಂದಿದೆ. ಒಂದೇ ಕಾಲಂ. ಅದರ ಸುತ್ತ ಕೈಮುಗಿದ ಅಭ್ಯರ್ಥಿಗಳು. ಎಲೆಕ್ಷನ್ ಹತ್ತಿರ ಬಂತು.

ಚಿತ್ರದುರ್ಗಕ್ಕೆ ಹೋಗಿ, ಪತ್ರಿಕೆಯೊಂದರ ಕಚೇರಿಯಲ್ಲಿ ಪುಟ ಕಟ್ಟುವ ಪ್ರಭುಲಿಂಗನನ್ನು ಕಂಡೆ. ಹಳೆಯ ಪರಿಚಯ. ಯುದ್ಧ ನಿಂತು ಹೋಯಿತೇನಪ್ಪ ಎಂದೆ.

"ಎಲ್ಲಿ ನಿಂತೈತೆ ಅಣ್ಣ, ಜೋರಾಗೈತೆ. ನಮ್ಮೋರು ವಾಪಸ್ ಬಂದ್ಮೇಲೆ ಅದು ನಮ್ಮ ಸುದ್ದಿ ಅಲ್ಲ ಅಂತಾರೆ ಮೇಲಿನೋರು. ಮೊದಲ ದಿನ ಹತ್ತು ಜನ ಸತ್ರೆ ಮುಖಪುಟ. ತಿಂಗಳಾದ್ಮೇಲೆ ನೂರು ಜನ ಸತ್ರೂ ಮೂಲೆಗೆ. ಈಗಂತೂ ಮೂಲೆಗೂ ಜಾಹೀರಾತು ಬಂದೈತೆ."

"ನನ್ನ ಅಳಿಯ ಬಂದಿಲ್ವಲ್ಲೋ."

ಅವನು ಕೈ ಚಾಚಿ, "ಫೋಟೊ ಕೊಡ್ರಿ, ಜಿಲ್ಲಾ ಪುಟದಾಗೆ ಹಾಕ್ತೀನಿ" ಎಂದ. ಕೊಟ್ಟು ಬಂದೆ.

ಮೇ 8, ಸೋಮವಾರ

ಬಂದಿದೆ. ಫೋಟೊ ಹಾಲೇಶನದು. ಹೆಸರು ಮಹೇಶ್. ಊರು ಹೊಸದುರ್ಗ. 'ಸುರಕ್ಷಿತವಾಗಿರುವುದಾಗಿ ಕುಟುಂಬದ ಮೂಲಗಳು ತಿಳಿಸಿವೆ.'

ಕುಟುಂಬದ ಮೂಲ ಎಂದರೆ ನಾನೇ. ನಾನು ಹಾಗೆ ಹೇಳಿಯೇ ಇಲ್ಲ. ಇಷ್ಟು ವರ್ಷ ನಾನು ಕಟ್ಟುಗಟ್ಟಲೆ ಮಾರಿದ್ದೆಲ್ಲ ಇದೇ ರೀತಿಯದೇ ಎಂದು ಇವತ್ತು ಅಂಗಡಿಯಲ್ಲಿ ಕುಳಿತು ಯೋಚಿಸಿದೆ.

ಮೇ 11, ಗುರುವಾರ

ಮತದಾನ ಮುಗಿಯಿತು. ಬೆಂಗಳೂರು ಬಸ್ಸಿನ ಕಂಡಕ್ಟರು ಸೀಟಿನ ಮೇಲೆ ಯಾರೋ ಬಿಟ್ಟು ಹೋದ ಪೇಪರು ಕೊಟ್ಟ. ನಾನು ಮಾರುವ ಪತ್ರಿಕೆಯೇ, ಆದರೆ ಬೆಂಗಳೂರಿನ ಮುದ್ರಣ. ಅದರ ಒಳಪುಟದಲ್ಲಿ ಸುಡಾನಿನ ಸುದ್ದಿ ಇತ್ತು, ಸಣ್ಣದಾಗಿ. ನಮ್ಮ ಮುದ್ರಣದಲ್ಲಿ ಅದೇ ಜಾಗದಲ್ಲಿ ಒಂದು ಸಂಘದ ಪದಾಧಿಕಾರಿಗಳ ಆಯ್ಕೆ. ಒಂದೇ ದಿನ, ಒಂದೇ ಹೆಸರಿನ ಪತ್ರಿಕೆ. ಬೆಂಗಳೂರಿನವನಿಗೆ ಯುದ್ಧ ಇದೆ, ಹಿರಿಯೂರಿನವನಿಗೆ ಇಲ್ಲ.

ಅದೇ ಕೋಪದಲ್ಲಿ ರಾಮಗಿರಿಗೆ ಹೋದೆ. ಹಾಲೇಶನ ತಾಯಿ ನಾಗಕ್ಕನವರು ಅಲ್ಲಿ ಒಬ್ಬರೇ ಇದ್ದಾರೆ, ಶಾಲೆಯ ಬಿಸಿಯೂಟದ ಅಡುಗೆ ಕೆಲಸ. ಫೋನು ಇಟ್ಟುಕೊಂಡವರಲ್ಲ. ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಬಾಗಿಲಲ್ಲಿ ನಿಂತು, "ಏನಾರ ತಿಳೀತಾ ಬೀಗರೇ?" ಎಂದರು. ಆ ಮುಖ ನೋಡಿ ನನ್ನ ಬಾಯಿಂದ ಬೇರೆಯೇ ಮಾತು ಬಂತು. "ಚೆನ್ನಾಗವ್ನಂತೆ ನಾಗಕ್ಕ. ಪೇಪರ್ನಾಗೇ ಬಂದೈತೆ. ಎಲ್ರನ್ನೂ ಒಂದ್ ಕ್ಯಾಂಪಿನಾಗೆ ಇಟ್ಟವ್ರಂತೆ, ಊಟ ಎಲ್ಲ ಕೊಡ್ತಾರಂತೆ."

"ಒಳ್ಳೇದಾತು" ಎಂದು ಟೀ ಕೊಟ್ಟರು. ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಬಹಳ ಚೆನ್ನಾಗಿದೆ ಎಂದು ಕುಡಿದೆ. ವಯಸ್ಸಾದವರ ಎದೆ ಒಡೆಯುವುದರಿಂದ ಯಾರಿಗೇನು ಲಾಭ?

ಮೇ 14, ಭಾನುವಾರ

ಫಲಿತಾಂಶದ ಪೇಪರು ಹೊತ್ತೇರುವ ಮೊದಲೇ ಖಾಲಿ. ಬಂದವರೆಲ್ಲ ನಗುತ್ತಿದ್ದರು ಇಲ್ಲವೇ ಬೈಯುತ್ತಿದ್ದರು. ಒಬ್ಬನೂ ಸುಡಾನ್ ಎನ್ನಲಿಲ್ಲ. ಅನ್ನಬೇಕಾಗಿಯೂ ಇಲ್ಲ ಬಿಡಿ.

ಮೇ 17, ಬುಧವಾರ

ಇವತ್ತಿನ ಪತ್ರಿಕೆಯಲ್ಲಿ ಒಂದೇ ಒಂದು ಉಪಯೋಗದ ಸುದ್ದಿ. ವಿದೇಶದ ನಂಬರುಗಳಿಂದ ವಾಟ್ಸ್ಯಾಪಿಗೆ ಕರೆ ಬರುತ್ತಿವೆಯಂತೆ. ತೆಗೆದರೆ ಬ್ಯಾಂಕಿನ ಖಾತೆ ಖಾಲಿ. ಹೆಣ್ಣಿನ ಫೋಟೊ ಹಾಕಿ ಬಲೆ ಬೀಸುತ್ತಾರಂತೆ. ತಕ್ಷಣ ಬ್ಲಾಕ್ ಮಾಡಿ ಎಂದು ಪೊಲೀಸರೇ ಹೇಳಿದ್ದಾರೆ. ಯಾವ್ಯಾವ ದೇಶದ ನಂಬರು ಎಂದೂ ಕೊಟ್ಟಿದ್ದಾರೆ, 251, 62, 84 ಹೀಗೆ.

ಬರೆಯಲೇ ನಾಚಿಕೆ, ಆದರೆ ಈ ಪುಸ್ತಕ ನಾನಲ್ಲದೆ ಯಾರು ಓದುತ್ತಾರೆ? ನಿನ್ನೆ, ಮೊನ್ನೆ ನನಗೂ ಅಂಥದೇ ಒಂದು ನಂಬರಿನಿಂದ ಬಂದಿತ್ತು. 251. ಬಿಳಿ ಶಾಲು ಹೊದ್ದ ಹೆಂಗಸಿನ ಫೋಟೊ, ಕೈಯಲ್ಲಿ ಕರಿಯ ಮಣ್ಣಿನ ಹೂಜಿ. ಇವತ್ತು ಮತ್ತೆ ಬಂತು, ಒಂದು ಕ್ಷಣ ಕಿವಿಗಿಟ್ಟುಕೊಂಡೆ. ಹೆಂಗಸೇ. "ಹಲೋ ಹಲೋ" ಎಂದು ಆಮೇಲೆ ಏನೋ ಅರ್ಥವಾಗದ ಭಾಷೆ. ದೂರದಲ್ಲಿ ಯಾರನ್ನೋ ಕೂಗಿದಳು. ಗ್ಯಾಂಗೇ ಇರಬೇಕು. ಕತ್ತರಿಸಿ ಬ್ಲಾಕ್ ಮಾಡಿದೆ. ಸರ್ವಮಂಗಳಳಿಗೆ ಹೇಳಲಿಲ್ಲ. ಈ ವಯಸ್ಸಿನಲ್ಲಿ ಹೆಂಗಸಿನ ಫೋಟೊ ಎಂದರೆ ಯಾಕೆ ಬೇಕು?

ಸುದ್ದಿಯನ್ನು ಕತ್ತರಿಸಿ ಅಂಗಡಿಯ ಮುಂದೆ ಅಂಟಿಸಿದ್ದೇನೆ. ಬಂದವರಿಗೆಲ್ಲ ಓದಿಸುತ್ತಿದ್ದೇನೆ. ನಾಲ್ಕು ಜನರ ಫೋನಿನಲ್ಲಿ ನಾನೇ ಬ್ಲಾಕ್ ಮಾಡಿಕೊಟ್ಟೆ. ಪತ್ರಿಕೆ ಪೂರ್ತಿ ಕೆಟ್ಟಿಲ್ಲ.

ಮೇ 23, ಮಂಗಳವಾರ

ಪಲ್ಲವಿ ದಿನವಿಡೀ ಫೋನಿನಲ್ಲಿ ಸುಡಾನ್ ಹುಡುಕುತ್ತಾಳೆ. ಅರಬ್ಬಿಯನ್ನು ಇಂಗ್ಲಿಷಿಗೆ ತಿರುಗಿಸಿ ಓದುತ್ತಾಳೆ. ಅಲ್ಲಿನ ಹೆಂಗಸರು ಕೆಲವರು ಸೇರಿ ಯಾವ ರಸ್ತೆ ತೆರೆದಿದೆ, ಎಲ್ಲಿ ಬ್ರೆಡ್ಡು ಸಿಗುತ್ತಿದೆ ಎಂದು ಬರೆಯುತ್ತಾರಂತೆ. ಅವರನ್ನು ನಂಬುತ್ತಾಳೆ.

"ಯಾರೋ ಏನೋ, ಮುಖ ನೋಡಿಲ್ಲ. ಹೆಂಗೆ ನಂಬ್ತೀಯಮ್ಮ?"

"ಅವ್ರು ನಿನ್ನೆ ಬರೆದದ್ದು ತಪ್ಪಾಗಿತ್ತು ಅಂತ ಇವತ್ತು ಬರೀತಾರೆ ಅಪ್ಪಾಜಿ. ಸೇತುವೆ ಆಚೆ ಏನಾಗೈತೋ ನಮಗೆ ಗೊತ್ತಿಲ್ಲ ಅಂತ ಬರೀತಾರೆ. ಅದಕ್ಕೆ ನಂಬ್ತೀನಿ."

ತಪ್ಪು ಬರೆದೆ ಎಂದು ಒಪ್ಪಿಕೊಳ್ಳುವವರನ್ನು ನಂಬುವುದಂತೆ! ನಾನು ನಗಲಿಲ್ಲ, ಅವಳ ಕಣ್ಣು ಊದಿಕೊಂಡಿತ್ತು.

ಸಂಜೆ ಮತ್ತೊಂದು ವಿದೇಶದ ನಂಬರು. ಹೆಬ್ಬೆರಳು ತಾನಾಗಿಯೇ ಬ್ಲಾಕಿನ ಕಡೆ ಹೋಗುತ್ತದೆ ಈಗ.

ಮೇ 29, ಸೋಮವಾರ

ಇವತ್ತು ಅಪರೂಪಕ್ಕೆ ನಮ್ಮ ಮುದ್ರಣದಲ್ಲೇ ಇತ್ತು. ಬೆಂಕಿಪೊಟ್ಟಣದಷ್ಟು. ಸುಡಾನಿನಿಂದ ಪೂರ್ವದ ಗಡಿ ದಾಟಿ ಇಥಿಯೋಪಿಯದ ಮೆತೆಮಾ ಎಂಬ ಊರಿಗೆ ಸಾವಿರಾರು ಜನ ಬರುತ್ತಿದ್ದಾರಂತೆ. ದಾರಿಯುದ್ದಕ್ಕೂ ದರೋಡೆ. ಲಾರಿಗಳನ್ನು ಅಡ್ಡಹಾಕಿ ಫೋನು, ಹಣ ಕಿತ್ತುಕೊಂಡು ಹೊಡೆದು ಬಿಸಾಡುತ್ತಿದ್ದಾರಂತೆ.

ಪೂರ್ವ. ಲಾರಿ. ತಿಪ್ಪೇಶ್ ಹೇಳಿದ್ದೂ ಮೂಡಗಡೆ ಎಂದೇ.

ಆ ಪೇಪರನ್ನು ಮನೆಗೆ ಒಯ್ಯಲಿಲ್ಲ. ಪಲ್ಲವಿ ಕೇಳಿದ್ದಕ್ಕೆ, "ಎಲ್ಲ ಖರ್ಚಾದವು, ಏನೂ ಇರ್ಲಿಲ್ಲ ಬಿಡಮ್ಮ ಅದ್ರಾಗೆ" ಎಂದೆ. ಇನ್ನು ಮೇಲೆ ಮನೆಗೆ ಒಯ್ಯುವ ಪೇಪರನ್ನು ಮೊದಲು ನಾನು ಓದಿಯೇ ಒಯ್ಯುತ್ತೇನೆ. ಯಾವುದು ಅವಳು ತಿಳಿಯಬೇಕು, ಯಾವುದು ಬೇಡ ಎಂದು ನೋಡುವವರು ಒಬ್ಬರಾದರೂ ಬೇಕಲ್ಲ. ಆ ಪತ್ರಿಕೆಯವರಂತೂ ನೋಡುವುದಿಲ್ಲ.

ಜೂನ್ 5, ಸೋಮವಾರ

ಒಡಿಶಾದಲ್ಲಿ ಭಯಂಕರ ರೈಲು ಅಪಘಾತ. ಪುಟವೆಲ್ಲ ಅದೇ. ಓದಲಾಗಲಿಲ್ಲ.

ಪಲ್ಲವಿಯ ಶಾಲೆ ಶುರುವಾಗಿದೆ, ಇಲ್ಲಿಂದಲೇ ಹೊಳಲ್ಕೆರೆಗೆ ಓಡಾಡುತ್ತೇನೆ ಎನ್ನುತ್ತಾಳೆ. ಹಾಲೇಶನ ಪಾಸ್‌ಪೋರ್ಟಿನ ನಕಲು ಅವಳ ಫೋನಿನಲ್ಲಿದೆಯಂತೆ, ಅದನ್ನು ದೆಹಲಿಯ ವಿದೇಶಾಂಗ ಇಲಾಖೆಗೆ ಕಳಿಸಿದ್ದಾಳೆ. ಅವನು ಇರುವ ಜಾಗ ತಿಳಿಸಿ ಎಂದು ಉತ್ತರ ಬಂದಿದೆ. ಜಾಗ ಗೊತ್ತಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆವು?

ರಾಮಗಿರಿಗೆ ಹೋಗಿ ಬಂದೆ. ಹಾಲೇಶ್ ಕ್ಯಾಂಪಿನಲ್ಲಿ ಜನರೇಟರ್ ರಿಪೇರಿ ಮಾಡುತ್ತಿದ್ದಾನೆ ಎಂದು ಹೇಳಿದೆ. ಅಲ್ಲಿನ ಅಧಿಕಾರಿಗಳು ಮೆಚ್ಚಿಕೊಂಡಿದ್ದಾರೆ ಎಂದೂ ಸೇರಿಸಿದೆ. ಹೇಳುತ್ತಾ ಹೋದರೆ ನನಗೇ ಅದು ಕಣ್ಣಿಗೆ ಕಟ್ಟುತ್ತದೆ. ನಾಗಕ್ಕನವರು ತಲೆ ಎತ್ತದೆ ಬೇಳೆ ಆರಿಸುತ್ತಿದ್ದರು.

ಜೂನ್ 14, ಬುಧವಾರ

ತಿಪ್ಪೇಶ್ ಅಂಗಡಿಗೆ ಬಂದಿದ್ದ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ ಎಂದು ಹೆಂಡತಿ ತಾಯಿ ಇಬ್ಬರೂ ಹೊರಟು ಇವನನ್ನೂ ಎಳೆದುಕೊಂಡು ಬಂದಿದ್ದರಂತೆ. "ಏನಾರ ಫೋನ್ ಗೀನ್ ಬಂತಾ ಯಜಮಾನ್ರೆ?" ಎಂದು ಕೇಳಿದ. ಯಾಕೆ ಕೇಳುತ್ತಿದ್ದಾನೆ? ಇವನಿಗೇನು ಗೊತ್ತು? ಇಲ್ಲ ಎಂದೆ. "ಅವ್ನು ಮಾಡಿದ್ರೆ ನಿಮ್ಗೇ ಮಾಡಾದು" ಎಂದು ನನ್ನ ಬೋರ್ಡು ನೋಡುತ್ತಾ ನಿಂತ. ಬಸ್ಸು ಬಂತು, ಹೋದ. ಇವನ ಮೇಲೆ ಒಂದು ಕಣ್ಣಿಡಬೇಕು.

ಜೂನ್ 22, ಗುರುವಾರ

ಸಮುದ್ರದ ತಳಕ್ಕೆ ಮುಳುಗಿದ ಹಳೆಯ ಹಡಗು ನೋಡಲು ಹೋದ ಐದು ಜನರ ಡಬ್ಬಿಯಂಥ ಸಬ್‌ಮರೀನು ಕಾಣೆಯಾಗಿದೆ. ಅದರೊಳಗೆ ಇನ್ನೆಷ್ಟು ಉಸಿರಿದೆ ಎಂದು ಟಿವಿಯಲ್ಲಿ ಗಂಟೆಗಂಟೆಗೂ ಲೆಕ್ಕ. ವಿದೇಶದ ಸುದ್ದಿಗೆ ಜಾಗ ಇಲ್ಲ ಎಂದವರು ಯಾರು? ಬೇಕಾದರೆ ಇದೆ.

ಸರ್ವಮಂಗಳ ಆ ಐವರಿಗೂ ದೀಪ ಹಚ್ಚಿದಳು. ನಾನು ಜಗಳವಾಡಿದೆ. "ಅವ್ರ ಹೆಂಡ್ರೂ ಹಿಂಗೇ ಕುಂತಿರ್ತಾರಲ್ಲ" ಎಂದಳು.

ಜೂನ್ 27, ಮಂಗಳವಾರ

ಬರೆಯದಿದ್ದರೆ ಆಗುವುದಿಲ್ಲ.

ಪಲ್ಲವಿ ಇವತ್ತು ರಜೆ ಹಾಕಿದ್ದಳು. ಉಚಿತ ಕರೆಂಟಿನ ಅರ್ಜಿ ಹಾಕಲು ನನ್ನ ಫೋನು ತೆಗೆದುಕೊಂಡು ಕುಳಿತಳು. ಓಟಿಪಿ ಬರಲಿಲ್ಲ. "ಅಪ್ಪಾಜಿ, ಕಂಡಕಂಡದ್ದೆಲ್ಲ ಬ್ಲಾಕ್ ಮಾಡೀರಿ, ಅದನ್ನೂ ಮಾಡೀರೇನೋ" ಎಂದು ನಗುತ್ತಾ ಬ್ಲಾಕ್ ಮಾಡಿದ ನಂಬರುಗಳನ್ನು ತೆರೆದಳು. ನಗು ಅಲ್ಲೇ ನಿಂತಿತು.

"ಇದ್ಯಾವುದು? 251?"

"ಮೋಸದ್ದಮ್ಮ. ಪೇಪರ್ನಾಗೇ ಬಂದಿತ್ತಲ್ಲ."

"ಇದು ಇಥಿಯೋಪಿಯ ಅಪ್ಪಾಜಿ. ಸುಡಾನಿಗೆ ಅಂಟಿಕೊಂಡೇ ಐತೆ." ಹೇಳುತ್ತಲೇ ಬ್ಲಾಕ್ ತೆಗೆದು ಸ್ಪೀಕರಿಗೆ ಹಾಕಿ ಕರೆ ಮಾಡಿದಳು. ನಾನು ತಡೆಯಲು ಕೈ ಚಾಚಿದೆ. ನಿಜ ಹೇಳಬೇಕೆಂದರೆ ಆಗಲೂ ನನಗೆ ಬ್ಯಾಂಕಿನ ಖಾತೆಯದೇ ಚಿಂತೆ.

ಅದೇ ಹೆಂಗಸು. ಹಲೋ ಹಲೋ. ಪಲ್ಲವಿ ಒಂದೇ ಮಾತು ಹೇಳಿದಳು: "ಹಾಲೇಶ್?" ಆ ಕಡೆ ಹೆಂಗಸು ಚೀರಿದಳು. ಪಾತ್ರೆ ಬಿದ್ದ ಸದ್ದು. ಯಾರನ್ನೋ ಕೂಗುತ್ತಾ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೋಲು ಊರಿಕೊಂಡು ಬರುವ ಸದ್ದು, ಆಮೇಲೆ ಅವನ ದನಿ.

"ಮಾವ? ಬೋರ್ಡಿನ ನಂಬರು ಬದಲಾಯ್ಸಿದ್ರೇನೋ ಅನ್ಕಂಡಿದ್ದೆ."

ಪಲ್ಲವಿ ಫೋನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಆಮೇಲೆ ಹೇಳಿದ್ದು: ಡ್ರೈವರನ್ನು ಮನೆ ಸೇರಿಸಿ ಗಡಿಯ ಕಡೆ ಹೊರಟಾಗ ಲಾರಿ ಅಡ್ಡಹಾಕಿದರಂತೆ. ಫೋನು ಕಿತ್ತುಕೊಂಡು ಕೆಳಗೆ ತಳ್ಳಿದ್ದಾರೆ, ಎಡಗಾಲು ಮುರಿದಿದೆ. ಬೇರೆ ಯಾರದೋ ಗಾಡಿಯಲ್ಲಿ ಮೆತೆಮಾ ಸೇರಿದ. ರಸ್ತೆ ಬದಿ ಕಾಫಿ ಮಾರುವ ಹೆಂಗಸು ತನ್ನ ಹಿತ್ತಲಲ್ಲಿ ಜಾಗ ಕೊಟ್ಟಿದ್ದಾಳೆ. ಫೋನಿನ ಜೊತೆಗೇ ಎಲ್ಲರ ನಂಬರೂ ಹೋದವು. ತಲೆಯಲ್ಲಿ ಉಳಿದದ್ದು ಒಂದೇ ನಂಬರು. ಅದನ್ನು ಅವಳ ತಗಡಿನ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಟ್ಟಿದ್ದನಂತೆ. ಅವನಿಗೆ ಎದ್ದು ಬರಲು ಆಗದ ದಿನ ಅವಳೇ ಫೋನ್ ಹಚ್ಚುತ್ತಿದ್ದಳಂತೆ, ಹತ್ತಿದರೆ ಅವನನ್ನು ಕೂಗಲು. ಪಾಸ್‌ಪೋರ್ಟಿನ ನಕಲು ತರಿಸಿಕೊಂಡರೆ ಊರಿಗೆ ಕಳಿಸುತ್ತೇವೆ, ದೊಡ್ಡ ಆಸ್ಪತ್ರೆಗೂ ಸೇರಿಸುತ್ತೇವೆ ಎಂದು ಗಡಿಯ ಅಧಿಕಾರಿಗಳು ಮೇ ತಿಂಗಳಲ್ಲೇ ಹೇಳಿದ್ದರಂತೆ. ನಕಲು ಇದ್ದದ್ದು ಪಲ್ಲವಿಯ ಫೋನಿನಲ್ಲಿ. ಪಲ್ಲವಿಗೆ ದಾರಿ ಇದ್ದದ್ದು ನನ್ನ ಫೋನಿನ ಮೂಲಕ. ಅಷ್ಟರಲ್ಲಿ ಕಾಲು ಓರೆಯಾಗಿ ಕೂಡಿಕೊಂಡಿದೆ.

"ಮೆತೆಮಾ ಅಂತ ಒಂದೇ ಒಂದು ಕಡೆ ಓದಿದ್ರೂ ನಾನು ನಿಮ್ಮ ಫೋನಿನಾಗೆ 251 ಹುಡುಕ್ತಿದ್ದೆ ಅಪ್ಪಾಜಿ" ಎಂದಳು. ಮೇ ತಿಂಗಳ ಆ ಪೇಪರಿನ ಕತೆ ಹೇಳಬೇಕಾಯಿತು. ಕೂಗಾಡುತ್ತಾಳೆ ಎಂದುಕೊಂಡೆ. ನನ್ನನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು:

"ಇನ್ನೇನೇನು ನನಗೆ ಹೇಳ್ದೆ ಬಿಟ್ಟೀರಿ?"

ಬೇರೆ ಏನೂ ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಜೂನ್ 28, ಬುಧವಾರ

ಪಲ್ಲವಿ ಬೆಳಿಗ್ಗೆಯೇ ಕಾಗದಪತ್ರ ಹಿಡಿದುಕೊಂಡು ಚಿತ್ರದುರ್ಗದ ಡಿಸಿ ಕಚೇರಿಗೆ ಹೋದಳು. ಜೊತೆಗೆ ತಿಪ್ಪೇಶನನ್ನು ಕರೆಸಿಕೊಂಡಿದ್ದಳು, ನನ್ನನ್ನಲ್ಲ. ಮೆತೆಮಾದ ನಂಬರು ನಿನ್ನೆ ಸಂಜೆಯಿಂದ ಹತ್ತುತ್ತಿಲ್ಲ. ಅಲ್ಲಿ ನೆಟ್‌ವರ್ಕು ದಿನಗಟ್ಟಲೆ ಇರುವುದಿಲ್ಲ ಎಂದು ಹಾಲೇಶನೇ ಹೇಳಿದ್ದನಂತೆ.

ನಾನು ರಾಮಗಿರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸಿಕ್ಕಿದ ಎಂದು ಮಾತ್ರ ಹೇಳುವುದು. ಕಾಲಿನ ವಿಷಯ ಅವನು ಬಂದ ಮೇಲೆ ತಾನಾಗಿ ತಿಳಿಯುತ್ತದೆ, ಈಗ ಯಾಕೆ?

ನಾಗಕ್ಕನವರು ಶಾಲೆಯಿಂದ ಆಗ ತಾನೇ ಬಂದು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

"ನಾಗಕ್ಕ, ಹಾಲೇಶ್ ಸಿಕ್ಕಿದ! ನಿನ್ನೆ ಮಾತಾಡಿದ!"

"ಹೌದಾ? ಒಳ್ಳೇದಾತು ಬೀಗರೇ. ಕುಂತ್ಕಳ್ರಿ, ಟೀ ಇಡ್ತೀನಿ." ಮೊರ ಒಂದು ಸಲವೂ ನಿಲ್ಲಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅವರು ಒಂದು ಕಲ್ಲು ಆರಿಸಿ ಎಸೆದರು.

"ನೀವು ಬಂದಾಗೆಲ್ಲ ಸಿಕ್ಕವ್ನೇ ಇರ್ತಾನಲ್ಲ. ಕ್ಯಾಂಪಿನಾಗೆ ಉಂಡ್ಕಂಡು, ಜನರೇಟರ್ ರಿಪೇರಿ ಮಾಡ್ಕಂಡು. ಟಿವ್ಯಾಗೂ ಬಿಟ್ರು, ಪೇಪರ್ನಾಗೂ ಬಿಟ್ರು. ನಿಮ್ಮ ಬಾಯಾಗೆ ಮಾತ್ರ ಒಳ್ಳೇದೇ ಬರ್ತಿತ್ತು. ಮೊದಲ ದಿನಾನೇ ಗೊತ್ತಾತು ನಂಗೆ. ಅಷ್ಟು ದೂರದಿಂದ ಬಸ್ ಹತ್ತಿ ಬರ್ತಾರೆ, ಬೇಜಾರು ಮಾಡಬಾರ್ದು ಅಂತ ಸುಮ್ಕಿದ್ದೆ."

ಫೋನು ತೆಗೆದು ಹಚ್ಚಿದೆ. ಹತ್ತಲಿಲ್ಲ. ಕರೆಯ ಗುರುತು ತೋರಿಸಿದೆ, 251. "ಆ ಗಾಜಿನಾಗೆ ನಂಗೇನ್ ಕಾಣ್ತೈತೆ" ಎಂದರು. ದೇವರ ಮೇಲೆ ಆಣೆ ಮಾಡಲು ಹೋದೆ. "ಬ್ಯಾಡ್ರಿ, ದೇವರನ್ಯಾಕೆ ಇದಕ್ಕೆ ಎಳೀತೀರಿ" ಎಂದರು. ಜೀವಮಾನವಿಡೀ ಊರಿಗೆಲ್ಲ ಸುದ್ದಿ ಹಂಚಿದವನು ನಾನು. ಒಂದು ನಿಜವನ್ನು ಒಬ್ಬ ತಾಯಿಗೆ ಮುಟ್ಟಿಸಲಾರದೆ ಜಗುಲಿಯ ಮೇಲೆ ಕುಳಿತಿದ್ದೆ.

ಕೊನೆಗೆ ಅವರೇ, ನನ್ನ ಸಮಾಧಾನಕ್ಕೆಂಬಂತೆ ಕೇಳಿದರು. "ಹೆಂಗವ್ನಂತೆ?"

"ಚೆನ್ನಾಗಿ..." ಎಂದೆ. ಅಲ್ಲಿಗೆ ನಾಲಿಗೆ ನಿಂತಿತು. ಕಟ್ಟಿಕೊಂಡು ಬಂದ ಮಾತೆಲ್ಲ ಬಿದ್ದುಹೋಯಿತು.

"ಚೆನ್ನಾಗಿಲ್ಲ ನಾಗಕ್ಕ. ಲಾರಿಯಿಂದ ತಳ್ಳಿದ್ರಂತೆ, ಎಡಗಾಲು ಮುರಿದೈತೆ. ಸರಿಯಾಗಿ ಕೂಡಿಲ್ಲ. ಕೋಲು ಹಿಡ್ಕಂಡು ನಡೀತಾನೆ. ಅವ್ನು ತಿಂಗಳ ಹಿಂದೆನೇ ಫೋನ್ ಮಾಡಿದ್ದ. ಮೋಸದ್ದು ಅಂತ ನಾನೇ ಬಂದ್ ಮಾಡಿದ್ದೆ. ಯಾವಾಗ ಬರ್ತಾನೋ ಗೊತ್ತಿಲ್ಲ. ನಂಗೆ ಗೊತ್ತಿಲ್ಲ."

ಮೊರ ನಿಂತಿತು.

"ಯಾವ ಕಾಲು ಅಂದ್ರಿ?"

"ಎಡಗಾಲು."

ಅವರು ಮೊರವನ್ನು ನಿಧಾನವಾಗಿ ಕೆಳಗಿಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇವತ್ತಿನವರೆಗೆ ನನ್ನ ಮುಂದೆ ಒಂದು ಹನಿ ಹಾಕದ ಹೆಂಗಸು ಮೈಯೆಲ್ಲ ಅಲುಗುವ ಹಾಗೆ ಅತ್ತರು. ನಾನೂ ಅತ್ತೆ. ಆಮೇಲೆ ಎದ್ದು ಬೀದಿಗೆ ಓಡಿ ಪಕ್ಕದ ಮನೆಯವಳನ್ನು ಕೂಗಿದರು.

"ಲೇ ಸುಮಿತ್ರಾ, ಬಾರೇ! ನನ್ನ ಮಗ ಕಾಲು ಮುರ್ಕಂಡವ್ನಂತೆ ಕಣೇ! ಬದುಕವ್ನೆ ಕಣೇ!"

ಅಕ್ಕಪಕ್ಕದವರೆಲ್ಲ ಬಂದರು. ಎಲ್ಲರಿಗೂ ಮೊದಲಿನಿಂದ ಹೇಳಬೇಕಾಯಿತು. ನಾಗಕ್ಕನವರು ಒಳಗಿನಿಂದ ಟೀ ತಂದು ಕೊಟ್ಟು ಎದುರಿಗೇ ಕುಳಿತರು. ನಾನು ಒಂದು ಗುಟುಕು ಕುಡಿದೆ.

"ಸಕ್ಕರೆ ಹಾಕಿಲ್ಲ ನಾಗಕ್ಕ" ಎಂದೆ.